ಮನೆಯೇ ಕಚೇರಿಯಾದಾಗ ಮಗು ಯಾರ ಮಡಿಲಲ್ಲಿ?

(ಸಂಘದ ವಾರ್ಷಿಕ ಸಮಾವೇಶದ ಮಹಿಳಾ ಗೋಷ್ಠಿಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)



ಮನೆಯಿಂದಲೇ ಉದ್ಯೋಗ ಮಾಡುತ್ತಾ ಮಕ್ಕಳನ್ನು ಬೆಳೆಸುವ ಬಗ್ಗೆ ನಾಲ್ಕು ಮಾತು ಆಡಬೇಕೆಂದು ಸಂಘದ ಕಾರ್ಯದರ್ಶಿಯವರು ಫೋನ್ ಮಾಡಿದಾಗ ನನಗೆ ನಗು ಬಂತು. ಅಂದು ಭಾನುವಾರ. ಅದೇ ಹೊತ್ತಿಗೆ ನನ್ನ ಎರಡು ವರ್ಷದ ಮಗ ಕಂಪ್ಯೂಟರಿನ ಕೀಬೋರ್ಡಿನ ಮೇಲೆ ರಾಗಿ ಗಂಜಿ ಸುರಿದು, ಮಹತ್ಕಾರ್ಯ ಮಾಡಿದವನಂತೆ ನನ್ನ ಮುಖ ನೋಡುತ್ತಿದ್ದ. ಇಂಥವಳು ಏನು ಉಪದೇಶ ಮಾಡಲಿ ಎಂದು ಕೇಳಿದೆ. "ಉಪದೇಶ ಬೇಡ, ಅನುಭವ ಹೇಳಿ" ಎಂದರು. ಆದ್ದರಿಂದ ಇದು ಅನುಭವ ಮಾತ್ರ.

‘ವರ್ಕ್ ಫ್ರಮ್ ಹೋಮ್’ ಎಂಬ ಪದ ನಮಗೆ ಪರಿಚಯವಾದದ್ದು 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆದಾಗ ಎಂದು ಹಲವರು ಹೇಳುತ್ತಾರೆ. ನಮ್ಮ ಕರಾವಳಿಯವರು ಹಾಗೆ ಹೇಳಬಾರದು. ಈ ಸಭೆಯಲ್ಲಿರುವ ನನ್ನ ವಯಸ್ಸಿನವರಲ್ಲಿ ಎಷ್ಟು ಮಂದಿಯ ತಾಯಂದಿರು ಬೀಡಿ ಕಟ್ಟಿದವರು? ಕೈ ಎತ್ತಿ ಎಂದು ನಾನು ಕೇಳುವುದಿಲ್ಲ, ಕೇಳಿದರೆ ಅರ್ಧ ಸಭೆ ಕೈ ಎತ್ತೀತು. ಬ್ರಾಂಚಿನಿಂದ ಎಲೆ, ಹೊಗೆಸೊಪ್ಪು, ನೂಲು ತಂದು, ಎಲೆ ನೆನೆಸಿ, ಅಳತೆಗೆ ಕತ್ತರಿಸಿ, ಮಡಿಲಲ್ಲಿ ಮೊರ ಇಟ್ಟುಕೊಂಡು ನನ್ನ ಉಮ್ಮ ದಿನವಿಡೀ ಸುತ್ತುತ್ತಿದ್ದರು. ಸಾವಿರಕ್ಕೆ ಇಷ್ಟು ಎಂದು ಮಜೂರಿ. ಬಣ್ಣಗೆಟ್ಟ ಬೀಡಿಯನ್ನೂ ಸಡಿಲವಾದದ್ದನ್ನೂ ಬ್ರಾಂಚಿನಲ್ಲಿ ತೆಗೆದು ಹಾಕುತ್ತಿದ್ದರು, ಅದಕ್ಕೆ ಮಜೂರಿ ಇಲ್ಲ. ಅದು ಮನೆಯಲ್ಲೇ ಮಾಡುವ ಉದ್ಯೋಗವಲ್ಲದೆ ಇನ್ನೇನು? ತೊಟ್ಟಿಲ ಹಗ್ಗದ ತುದಿಯನ್ನು ಕಾಲ ಹೆಬ್ಬೆರಳಿಗೆ ಕಟ್ಟಿಕೊಂಡು, ಕೈಯಲ್ಲಿ ಬೀಡಿ ಸುತ್ತುತ್ತಾ ಕಾಲಲ್ಲಿ ತೊಟ್ಟಿಲು ತೂಗುವ ವಿದ್ಯೆಯನ್ನು ಯಾವ ಮ್ಯಾನೇಜ್‌ಮೆಂಟ್ ಕಾಲೇಜೂ ಕಲಿಸಲಿಲ್ಲ. ಹೊಗೆಸೊಪ್ಪಿನ ಧೂಳು ಆ ತೊಟ್ಟಿಲಿಗೂ ಬೀಳುತ್ತಿತ್ತು ಎಂಬುದನ್ನು ಮರೆತು ಅದನ್ನು ಹೊಗಳಬಾರದು.

ಆದರೆ ಮಗು ತೊಟ್ಟಿಲಲ್ಲಿ ಎಷ್ಟು ದಿನ ಇರುತ್ತದೆ? ಅಂಬೆಗಾಲಿಕ್ಕಿ ಬಾಗಿಲು ದಾಟಿದ ಮೇಲೆ ಅದನ್ನು ನೋಡಿಕೊಂಡವರು ಯಾರು? ನಮ್ಮ ಮನೆಯಲ್ಲಿ ನೋಡಿಕೊಂಡವಳು ನನ್ನ ದೊಡ್ಡಕ್ಕ. ನಾನು ನಡೆಯಲು ಕಲಿತ ವರ್ಷ ಅವಳು ಐದನೇ ತರಗತಿ ಮುಗಿಸಿದ್ದಳು. ಆರನೆಯದಕ್ಕೆ ಅವಳು ಹೋಗಲಿಲ್ಲ. ಯಾರೂ ಅವಳನ್ನು ಶಾಲೆ ಬಿಡಿಸಿದೆವೆಂದು ಹೇಳಲಿಲ್ಲ. "ಈ ವರ್ಷ ಇರಲಿ, ಮಗು ಸ್ವಲ್ಪ ದೊಡ್ಡದಾಗಲಿ" ಎಂದರು. ನನ್ನ ಹಿಂದೆ ತಮ್ಮ ಬಂದ. ಆ ‘ಈ ವರ್ಷ’ ಮುಗಿಯಲೇ ಇಲ್ಲ. ಇದೇ ಸಂಘದ ವಿದ್ಯಾರ್ಥಿವೇತನದಿಂದ ನಾನು ಬಿ.ಎಸ್ಸಿ. ಮುಗಿಸಿದೆ. ದೊಡ್ಡಕ್ಕನ ಲೆಕ್ಕ ಯಾವ ಪುಸ್ತಕದಲ್ಲೂ ಇಲ್ಲ.

ಇದನ್ನು ಮೊದಲೇ ಹೇಳಿದ್ದಕ್ಕೆ ಕಾರಣವಿದೆ. ಅದಕ್ಕೆ ಮತ್ತೆ ಬರುತ್ತೇನೆ.

ನನ್ನ ಕೆಲಸ ಮೆಡಿಕಲ್ ಕೋಡಿಂಗ್. ವಿದ್ಯಾರ್ಥಿಗಳಿಗಾಗಿ ಎರಡು ಮಾತು: ಅಮೆರಿಕದ ಆಸ್ಪತ್ರೆಗಳಲ್ಲಿ ವೈದ್ಯರು ಬರೆದ ದಾಖಲೆಗಳನ್ನು ಓದಿ, ರೋಗಕ್ಕೂ ಚಿಕಿತ್ಸೆಗೂ ನಿಗದಿಯಾದ ಸಂಕೇತಗಳನ್ನು ಹಾಕುವುದು. ವಿಮಾ ಕಂಪನಿ ಹಣ ಕೊಡುವುದು ಆ ಸಂಕೇತಗಳನ್ನು ನೋಡಿ. 2015ರ ಅಕ್ಟೋಬರ್ 1ರಿಂದ ಅಲ್ಲಿ ಐಸಿಡಿ-10 ಎಂಬ ಪದ್ಧತಿ ಬಳಕೆಯಲ್ಲಿದೆ. ಅದರಲ್ಲಿ ಬಲಗೈ ಮೂಳೆ ಮುರಿದರೆ ಒಂದು ಸಂಕೇತ, ಎಡಗೈ ಮುರಿದರೆ ಇನ್ನೊಂದು. ಒಂದು ಅಂಕಿ ತಪ್ಪಿದರೆ ಬಿಲ್ ವಾಪಸು ಬರುತ್ತದೆ, ತಪ್ಪು ನಮ್ಮ ಲೆಕ್ಕಕ್ಕೆ ಸೇರುತ್ತದೆ. ಬಣ್ಣಗೆಟ್ಟ ಬೀಡಿ ಎಂದು ಇಟ್ಟುಕೊಳ್ಳಿ! ಜೀವವಿಜ್ಞಾನ, ನರ್ಸಿಂಗ್, ಫಾರ್ಮಸಿ ಓದಿದವರಿಗೆ ಇದರಲ್ಲಿ ಅವಕಾಶವಿದೆ. ಇನ್ನೊಂದು ಸಂಗತಿ: ರೋಗಿಯ ವಿವರ ಬೇರೆಯವರ ಕಣ್ಣಿಗೆ ಬೀಳಬಾರದೆಂದು ಅಲ್ಲಿ 1996ರಿಂದಲೇ ಕಾನೂನಿದೆ. ಹಾಗಾಗಿ ಹಜಾರದಲ್ಲಿ ಎಲ್ಲರ ನಡುವೆ ಕುಳಿತು ಈ ಕೆಲಸ ಮಾಡುವಂತಿಲ್ಲ. ಬಾಗಿಲು ಹಾಕಿಕೊಳ್ಳುವ ಕೋಣೆಯೇ ಬೇಕು.

2020ರಲ್ಲಿ ಕಂಪನಿಯವರು ಕಂಪ್ಯೂಟರನ್ನು ಮನೆಗೆ ಕಳುಹಿಸಿದಾಗ ನನ್ನ ಮಗಳಿಗೆ ಒಂದು ವರ್ಷ. ಮನೆಯಲ್ಲೇ ಇರುತ್ತೀಯಲ್ಲ, ಮಗುವನ್ನೂ ನೋಡಿಕೊಂಡ ಹಾಗಾಯಿತು, ಸಂಬಳವೂ ಬಂತು, ಎಂಥ ಅದೃಷ್ಟ ಎಂದು ಬಂಧುಗಳು ಹೇಳಿದರು. ನಾನೂ ನಂಬಿದೆ. ಹಗಲು ಮಗು ಮಲಗಿದಾಗ ಒಂದಷ್ಟು, ರಾತ್ರಿ ಎಲ್ಲರೂ ಮಲಗಿದ ಮೇಲೆ ಒಂದಷ್ಟು ಎಂದು ಕೆಲಸ ಹಂಚಿಕೊಂಡೆ. ನಾಲ್ಕು ತಿಂಗಳು ನಡೆಯಿತು. ನಡೆಯಿತು ಎಂದರೆ, ನಾನು ದಿನಕ್ಕೆ ನಾಲ್ಕು ಗಂಟೆ ನಿದ್ದೆ ಮಾಡಿದೆ, ತಪ್ಪುಗಳು ಹೆಚ್ಚಿದವು, ಮಗಳ ಮೇಲೆ ರೇಗಿದೆ, ಅನಂತರ ಅವಳನ್ನು ಅಪ್ಪಿಕೊಂಡು ಅತ್ತೆ.

ಒಂದು ದಿನ ಮೇಲಧಿಕಾರಿಯ ಜೊತೆ ಫೋನಿನಲ್ಲಿ ಮಾತನಾಡುತ್ತಿದ್ದೆ. ಹತ್ತು ನಿಮಿಷದ ಮಾತು. ಮಗಳು ಕಾಲ ಬಳಿ ಆಡುತ್ತಿದ್ದಾಳೆಂದೇ ತಿಳಿದಿದ್ದೆ. ಮಾತು ಮುಗಿಸಿ ನೋಡಿದರೆ ಇಲ್ಲ. ಬಚ್ಚಲುಮನೆಯ ಬಾಗಿಲು ತೆರೆದಿತ್ತು. ಬಟ್ಟೆ ನೆನೆಸಿದ ಬಕೆಟ್ಟಿನ ಅಂಚು ಹಿಡಿದು ನಿಂತು, ಒಳಕ್ಕೆ ಬಗ್ಗಿ, ನೀರಿನಲ್ಲಿ ಕೈ ಆಡಿಸುತ್ತಿದ್ದಳು. ಏನೂ ಆಗಲಿಲ್ಲ. ಆ ವಯಸ್ಸಿನ ಮಕ್ಕಳಿಗೆ ದೇಹದ ಅಳತೆಗೆ ಹೋಲಿಸಿದರೆ ತಲೆಯ ಭಾರ ಹೆಚ್ಚು, ಬಕೆಟ್ಟಿಗೆ ತಲೆಕೆಳಗಾಗಿ ಬಿದ್ದರೆ ತಾವಾಗಿ ಎದ್ದು ಬರಲಾರರು, ಮುಳುಗುವುದಕ್ಕೆ ಕೆಲವೇ ಅಂಗುಲ ನೀರು ಸಾಕು ಎಂಬುದನ್ನು ಆಸ್ಪತ್ರೆಯ ದಾಖಲೆಗಳನ್ನು ಓದುವ ನಾನು ಚೆನ್ನಾಗಿ ಬಲ್ಲೆ. ಅದಕ್ಕೆ ಯಾವ ಸಂಕೇತ ಹಾಕಬೇಕೆಂಬುದೂ ನನಗೆ ಗೊತ್ತು. ಆ ರಾತ್ರಿ ನಾನೂ ನನ್ನ ಪತಿಯೂ ಕುಳಿತು ಮಾತನಾಡಿದೆವು. ಮನೆಯಲ್ಲಿ ಇರುವುದು ಬೇರೆ, ಮಗುವಿನ ಜೊತೆ ಇರುವುದು ಬೇರೆ. ಕೆಲಸ ಮಾಡುವ ಹೊತ್ತಿನಲ್ಲಿ ನಾನು ಮನೆಯಲ್ಲಿ ಇಲ್ಲ ಎಂದೇ ಲೆಕ್ಕ ಹಾಕಬೇಕು, ಆ ಹೊತ್ತಿಗೆ ಮಗುವಿಗಾಗಿಯೇ ಒಬ್ಬರು ಬೇಕು ಎಂದು ತೀರ್ಮಾನಿಸಿದೆವು.

ಇನ್ನು ಹೇಳುವುದನ್ನು ಸ್ವಲ್ಪ ಸಂಕೋಚದಿಂದಲೇ ಹೇಳುತ್ತೇನೆ. ಮಗು ನೋಡಿಕೊಳ್ಳುವವರು ಬೇಕೆಂದು ನಾಲ್ಕು ಕಡೆ ಹೇಳಿಟ್ಟೆ. ವಾರದೊಳಗೆ ದೂರದ ಬಂಧುವೊಬ್ಬರು ಘಟ್ಟದ ಮೇಲಿನ ಊರಿನಿಂದ ಒಬ್ಬಳನ್ನು ಕರೆದುಕೊಂಡು ಬಂದರು. ಹನ್ನೆರಡು ವರ್ಷದ ಹುಡುಗಿ. "ಊಟ, ಬಟ್ಟೆ ಕೊಟ್ಟು ಮನೆಗೆ ತಿಂಗಳಿಗೆ ಸ್ವಲ್ಪ ಕಳುಹಿಸಿದರೆ ಸಾಕು, ಹೇಗೂ ಶಾಲೆ ಮುಚ್ಚಿದೆ, ಮುಂದೆ ನೀವೇ ಮದುವೆಗೂ ಸಹಾಯ ಮಾಡಿದರೆ ಪುಣ್ಯ" ಎಂದರು. ಹುಡುಗಿ ಬಾಗಿಲ ಬಳಿ ಚೀಲ ಹಿಡಿದು ನಿಂತಿದ್ದಳು. ನನಗೆ ಕಂಡದ್ದು ನನ್ನ ದೊಡ್ಡಕ್ಕ.

ಬೇಡ ಎಂದೆ. ಕಾನೂನನ್ನೂ ಹೇಳಿದೆ. ಹದಿನಾಲ್ಕರ ಒಳಗಿನ ಮಕ್ಕಳನ್ನು ಮನೆಗೆಲಸಕ್ಕೆ ಇಟ್ಟುಕೊಳ್ಳುವುದನ್ನು 2006ರ ಅಕ್ಟೋಬರ್‌ನಲ್ಲೇ ನಿಷೇಧಿಸಲಾಯಿತು. 2016ರ ತಿದ್ದುಪಡಿಯ ನಂತರ ಆ ವಯಸ್ಸಿನ ಮಕ್ಕಳಿಂದ ಯಾವ ಉದ್ಯೋಗವನ್ನೂ ಮಾಡಿಸುವಂತಿಲ್ಲ. ಆರರಿಂದ ಹದಿನಾಲ್ಕರವರೆಗೆ ಶಿಕ್ಷಣ ಪ್ರತಿ ಮಗುವಿನ ಹಕ್ಕು ಎಂಬ ಕಾಯ್ದೆ 2010ರಿಂದ ಜಾರಿಯಲ್ಲಿದೆ. ಬಂಧುಗಳಿಗೆ ಬೇಸರವಾಯಿತು; ಒಂದು ಬಡ ಕುಟುಂಬಕ್ಕೆ ಆಗುವ ಉಪಕಾರಕ್ಕೆ ಅಡ್ಡ ಬಂದೆ ಎಂದರು. ಇಷ್ಟಕ್ಕೆ ನಿಲ್ಲಿಸಿದರೆ ನಾನು ದೊಡ್ಡವಳಾಗಿ ಕಾಣುತ್ತೇನೆ. ಆದರೆ ನಾನು ಬೇಡವೆಂದ ಮಾತ್ರಕ್ಕೆ ಆ ಹುಡುಗಿ ಊರಿಗೆ ಹೋಗಿ ಪುಸ್ತಕ ತೆರೆದಳೇ? ಇಲ್ಲ. ತಿಂಗಳ ನಂತರ ವಿಚಾರಿಸಿದರೆ ಇನ್ನೊಂದು ಮನೆಯಲ್ಲಿದ್ದಳು. ಮಕ್ಕಳ ಸಹಾಯವಾಣಿ 1098 ನನಗೆ ಗೊತ್ತಿತ್ತು. ಬಂಧುತ್ವ ಕೆಡುತ್ತದೆ ಎಂದು ನಾನು ಆ ನಾಲ್ಕು ಅಂಕಿಗಳನ್ನು ಒತ್ತಲಿಲ್ಲ. ನಂತರ ಅವಳು ಎಲ್ಲಿ ಹೋದಳೆಂದು ತಿಳಿಯಲಿಲ್ಲ. ಇದನ್ನು ಒಂದು ವಿದ್ಯಾಸಂಸ್ಥೆಯ ವೇದಿಕೆಯಲ್ಲಿ ಹೇಳಿಕೊಳ್ಳಬೇಕೆಂದೇ ನಾನು ಈ ಆಹ್ವಾನವನ್ನು ಒಪ್ಪಿದ್ದು.

ಕೊನೆಗೆ ನಮಗೆ ಸಿಕ್ಕವರು ನಮ್ಮದೇ ರಸ್ತೆಯ ಕೊನೆಯಲ್ಲಿರುವ ಐವತ್ತರ ಆಸುಪಾಸಿನ ಮಹಿಳೆ. ಮೂರು ಮಕ್ಕಳನ್ನು ಬೆಳೆಸಿದವರು, ಬೀಡಿ ಕೆಲಸ ಕಡಿಮೆಯಾಗಿ ಬೇರೆ ದಾರಿ ಹುಡುಕುತ್ತಿದ್ದವರು. ಮಕ್ಕಳು ಅವರನ್ನು ಚಿಕ್ಕಮ್ಮ ಎನ್ನುತ್ತಾರೆ, ನಾವೂ ಹಾಗೇ ಕರೆಯುತ್ತೇವೆ. ಅವರ ಮನೆಮಾತು ತುಳು, ನಮ್ಮದು ಬ್ಯಾರಿ. ನನ್ನ ಮಗಳು ‘ಬೇಡ, ಇಲ್ಲ’ ಎನ್ನುವುದನ್ನು ಮೊದಲು ಕಲಿತದ್ದು ತುಳುವಿನಲ್ಲಿ. ‘ಇಜ್ಜಿ’ ಎಂದು ಅವಳು ತಲೆ ಅಲ್ಲಾಡಿಸಿದರೆ ಮತ್ತೆ ಮಾತಿಲ್ಲ!

ಅವರು ಬಂದ ಮೊದಲ ಎರಡು ವಾರ ನಾನು ಬೆಳಗಿನ ಹೊತ್ತು ಜೊತೆಯಲ್ಲೇ ಇದ್ದೆ. ಮಗು ಅವರಿಗೆ ಒಗ್ಗಬೇಕು, ಅವರು ನಮ್ಮ ಮನೆಗೆ ಒಗ್ಗಬೇಕು, ಎಲ್ಲಕ್ಕಿಂತ ಹೆಚ್ಚಾಗಿ ನನ್ನ ಮನಸ್ಸು ಒಗ್ಗಬೇಕು. ಇಡೀ ದ್ರಾಕ್ಷಿ, ಕಡಲೆಬೀಜ ಕೊಡಬಾರದು, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಒಂದು ವರ್ಷ ತುಂಬುವ ಮೊದಲು ಜೇನುತುಪ್ಪ ನೆಕ್ಕಿಸಬಾರದು. ಬಕೆಟ್ಟುಗಳು ಯಾವಾಗಲೂ ಬೋರಲು. ನಮ್ಮ ಮೊಬೈಲ್ ನಂಬರುಗಳನ್ನೂ 108, 112ನ್ನೂ ದೊಡ್ಡದಾಗಿ ಬರೆದು ಗೋಡೆಗೆ ಅಂಟಿಸಿದೆವು. ಮಗು ಅತ್ತರೆ ಮೊಬೈಲ್ ಕೈಗಿಡುವುದನ್ನು ಇಬ್ಬರೂ ಬಿಡೋಣ ಎಂದೆ. ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು, ಅದಕ್ಕಿಂತ ಚಿಕ್ಕವರಿಗೆ ಪರದೆಯೇ ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಚಿಕ್ಕಮ್ಮ ಈ ಮಾತನ್ನು ಪಾಲಿಸಿದರು. ಮುರಿದವಳು ನಾನೇ, ಅದೂ ಹಲವು ಬಾರಿ.

ಮನೆಯಲ್ಲೇ ಕೆಲಸ ಮಾಡುವ ತಾಯಿಗೆ ಒಂದು ವಿಶೇಷ ಕಷ್ಟವಿದೆ. ಕಚೇರಿಗೆ ಹೋದ ತಾಯಿಯನ್ನು ಮಗು ಸಂಜೆಯವರೆಗೆ ಮರೆಯುತ್ತದೆ. ಬಾಗಿಲ ಹಿಂದೆ ಇರುವ ತಾಯಿಯನ್ನು ಮರೆಯುವುದಿಲ್ಲ. ಧ್ವನಿ ಕೇಳಿದರೆ ಸಾಕು, ಬಾಗಿಲು ಬಡಿಯುತ್ತದೆ. ನಾನೊಂದು ಉಪಾಯ ಮಾಡಿದೆ. ಬೆಳಿಗ್ಗೆ ಚಪ್ಪಲಿ ಹಾಕಿ, ಚೀಲ ಹಿಡಿದು, ಮುಂಬಾಗಿಲಿನಿಂದ ಟಾಟಾ ಮಾಡಿ ಹೊರಟು, ಮನೆಗೆ ಸುತ್ತು ಹಾಕಿ, ಹಿಂಬಾಗಿಲಿನಿಂದ ಕೋಣೆ ಸೇರುತ್ತಿದ್ದೆ! ಕಳ್ಳಿಯ ಹಾಗೆ. ನೆರೆಯವರು ಒಂದು ವಾರ ನಕ್ಕರು. ಮಗಳಿಗೆ ಮೂರು ತುಂಬುವ ಹೊತ್ತಿಗೆ ಗುಟ್ಟು ರಟ್ಟಾಯಿತು. ಅನಂತರ ನಿಜವನ್ನೇ ಹೇಳಿದೆವು: ಬಾಗಿಲ ಹಿಡಿಯಲ್ಲಿ ಕೆಂಪು ವಸ್ತ್ರವಿದ್ದರೆ ಉಮ್ಮ ಕೆಲಸದಲ್ಲಿದ್ದಾರೆ, ತೆಗೆದರೆ ಬರಬಹುದು. ಹನ್ನೊಂದಕ್ಕೂ ಒಂದಕ್ಕೂ ನಾಲ್ಕಕ್ಕೂ ವಸ್ತ್ರ ತೆಗೆಯುತ್ತೇನೆ. ಆ ಹೊತ್ತನ್ನು ತಪ್ಪಿಸುವುದಿಲ್ಲ. ಕಿರಿಯವನಿಗೆ ಎದೆಹಾಲು ಕೊಡಲು ಇದರಿಂದಲೇ ಸಾಧ್ಯವಾಯಿತು.

ಮಗು ಬಿದ್ದು ಮೊಣಕಾಲು ತರಚಿಕೊಂಡಾಗ ನನ್ನನ್ನು ದಾಟಿ ಚಿಕ್ಕಮ್ಮನ ಬಳಿ ಓಡಿದ ದಿನವೂ ಇದೆ. ಆಗ ಆಗುವ ಸಂಕಟವನ್ನು ನಾನು ವರ್ಣಿಸುವುದಿಲ್ಲ. ಅನುಭವಿಸಿದವರು ಇಲ್ಲಿ ಇದ್ದೀರಿ. ಆ ರಾತ್ರಿ ಕೆಲಸ ಬಿಡುವ ಪತ್ರವನ್ನು ಮನಸ್ಸಿನಲ್ಲೇ ಬರೆದೆ. ಬೆಳಿಗ್ಗೆ ಯೋಚಿಸಿದೆ: ಅವಳು ಓಡಿಹೋಗಲು ಇನ್ನೊಂದು ಮಡಿಲು ಇದೆಯಲ್ಲ, ಇಲ್ಲದಿದ್ದರೆ?

ಈಗ ಚಿಕ್ಕಮ್ಮನ ಕಡೆಯಿಂದ ನೋಡೋಣ. ನಾವು ಸಾಮಾನ್ಯವಾಗಿ ಹೇಳುತ್ತೇವೆ, "ನಮ್ಮ ಮನೆಯವರ ಹಾಗೆಯೇ ಇದ್ದಾರೆ" ಎಂದು. ಈ ಮಾತಿನಲ್ಲಿ ಪ್ರೀತಿ ಇದೆ, ಸ್ವಲ್ಪ ಮೋಸವೂ ಇದೆ. ಮನೆಯವರಿಗೆ ರಜೆ ಇಲ್ಲ, ಸಮಯ ಇಲ್ಲ, ಸಂಬಳ ತಡವಾದರೆ ಕೇಳುವ ಹಾಗಿಲ್ಲ. ನಾವು ಅವರ ಜೊತೆ ಮೊದಲ ದಿನವೇ ಮಾತನಾಡಿ ಒಂದು ಹಾಳೆಯಲ್ಲಿ ಬರೆದುಕೊಂಡೆವು. ಬೆಳಿಗ್ಗೆ ಎಂಟೂ ಮುಕ್ಕಾಲಿನಿಂದ ಸಂಜೆ ಐದೂವರೆ. ಸಂಬಳ ಒಂದನೇ ತಾರೀಖು. ಭಾನುವಾರವೂ ತಿಂಗಳಿಗೆ ಇನ್ನೆರಡು ದಿನವೂ ರಜೆ. ದೀಪಾವಳಿ, ನಾಗರಪಂಚಮಿ, ಅವರ ಕುಟುಂಬದ ಕೋಲ, ನಮ್ಮ ಎರಡು ಪೆರ್ನಾಳ್, ಇವಕ್ಕೆಲ್ಲ ಸಂಬಳ ಸಹಿತ ರಜೆ. ಕೆಲಸ ಮಗುವಿನದು ಮಾತ್ರ. ಪಾತ್ರೆ, ನೆಲ, ಅಡುಗೆ ಅಲ್ಲ. ಈ ಕೊನೆಯದನ್ನು ಕಾಯ್ದುಕೊಳ್ಳುವುದು ಕಷ್ಟ. "ಮಗು ಮಲಗಿದೆಯಲ್ಲ, ಸ್ವಲ್ಪ ತೆಂಗಿನಕಾಯಿ ತುರಿಯಿರಿ" ಎಂದು ಆರಂಭವಾಗುವುದು ತಿಂಗಳೊಳಗೆ ಇಡೀ ಅಡುಗೆಯಾಗುತ್ತದೆ, ಮಗು ಮೊಬೈಲಿನ ಮುಂದೆ ಕೂರುತ್ತದೆ. ಮನೆಗೆಲಸದವರಿಗೆ ಕನಿಷ್ಠ ವೇತನವನ್ನು ನಮ್ಮ ಕರ್ನಾಟಕ ಸರಕಾರ 2004ರಲ್ಲೇ ಗೊತ್ತುಪಡಿಸಿತ್ತು ಎಂಬುದು ನಮ್ಮಲ್ಲಿ ಬಹಳ ಮಂದಿಗೆ ತಿಳಿದಿಲ್ಲ. ತಿಳಿದುಕೊಳ್ಳುವ ಆಸಕ್ತಿಯೂ ಇಲ್ಲ, ಕ್ಷಮಿಸಿ.

ನನ್ನ ಸಂಬಳದ ಹೆಚ್ಚುಕಡಿಮೆ ಮೂರರಲ್ಲಿ ಒಂದು ಪಾಲು ಚಿಕ್ಕಮ್ಮನಿಗೆ ಹೋಗುತ್ತದೆ. "ಹಾಗಾದರೆ ನಿನಗೆ ಉಳಿಯುವುದೇನು?" ಎಂದು ಕೇಳದ ಬಂಧುಗಳಿಲ್ಲ. ಈ ಲೆಕ್ಕದಲ್ಲಿ ತಪ್ಪಿದೆ. ಮಗು ಇಬ್ಬರದು, ಖರ್ಚನ್ನು ಮಾತ್ರ ತಾಯಿಯ ಸಂಬಳದಿಂದ ಕಳೆಯುವುದು ಯಾಕೆ? ನಮ್ಮ ಮನೆಯಲ್ಲಿ ಅದನ್ನು ಶಾಲೆಯ ಫೀಸಿನ ಹಾಗೆ ಮನೆಯ ಖರ್ಚಿಗೇ ಬರೆಯುತ್ತೇವೆ. ಹಣ ಮಾತ್ರವಲ್ಲ, ಸಮಯದ ವಿಷಯವೂ ಹಾಗೇ. ಕೇಂದ್ರ ಸರಕಾರ 2024ರಲ್ಲಿ ನಡೆಸಿದ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, 15ರಿಂದ 59 ವರ್ಷದ ಮಹಿಳೆಯರಲ್ಲಿ ಶೇ. 41ರಷ್ಟು ಮಂದಿ ಮನೆಯವರ ಆರೈಕೆಯಲ್ಲಿ ತೊಡಗಿದ್ದರು, ದಿನಕ್ಕೆ ಸುಮಾರು 140 ನಿಮಿಷ. ಪುರುಷರಲ್ಲಿ ಶೇ. 21.4, ಸುಮಾರು 74 ನಿಮಿಷ. ಚಿಕ್ಕಮ್ಮ ಒಮ್ಮೆ ಮಳೆಗಾಲದಲ್ಲಿ ಜ್ವರದಿಂದ ಹತ್ತು ದಿನ ಬರಲಿಲ್ಲ. ಆಗ ನನ್ನ ಪತಿ ಮಧ್ಯಾಹ್ನದವರೆಗೆ ಅಂಗಡಿ ತೆರೆಯಲಿಲ್ಲ. ಅವರು ಮಾಡಿದ ಗಂಜಿ ಗಟ್ಟಿಯಾಗಿತ್ತು, ಮಗು ತಿಂದಿತು. ಸಭೆಯ ಹಿಂದಿನ ಸಾಲಿನಲ್ಲಿ ನಿಂತಿರುವ ಸಹೋದರರು ಇದನ್ನು ಗಮನಿಸಬೇಕು.

ಕಾನೂನಿನ ವಿಷಯ ಚುಟುಕಾಗಿ ಹೇಳುತ್ತೇನೆ. 2017ರ ತಿದ್ದುಪಡಿಯಿಂದ ಮೊದಲ ಎರಡು ಹೆರಿಗೆಗೆ 26 ವಾರ ಸಂಬಳ ಸಹಿತ ರಜೆ ಬಂತು. ರಜೆಯ ನಂತರ, ಕೆಲಸದ ಸ್ವರೂಪ ಹೊಂದಿಕೆಯಾದರೆ, ಮಾಲಕರ ಒಪ್ಪಿಗೆಯಿಂದ ಮನೆಯಿಂದಲೇ ಕೆಲಸ ಮಾಡಲು ಅವಕಾಶವಾಯಿತು. 50 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಯಲ್ಲಿ ಶಿಶುಪಾಲನಾ ಕೇಂದ್ರ ಇರಬೇಕು, ತಾಯಿ ದಿನಕ್ಕೆ ನಾಲ್ಕು ಬಾರಿ ಅಲ್ಲಿಗೆ ಹೋಗಿಬರಬಹುದು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಇವು ಉಳಿದಿವೆ. ಕೆಲಸಕ್ಕೆ ಸೇರುವ ವಿದ್ಯಾರ್ಥಿನಿಯರು ಇವನ್ನು ಕೇಳಿ ತಿಳಿದುಕೊಳ್ಳಿ. ಕೇಳಿದರೆ ಕೆಲಸ ಹೋಗುತ್ತದೆ ಎಂದು ಹೆದರಬೇಡಿ.

ಸಂಘದವರಲ್ಲಿ ನನ್ನದು ಎರಡು ಬಿನ್ನಹ. ನಮ್ಮ ಶಾಲೆಗಳಲ್ಲಿ ಶಿಕ್ಷಕಿಯರೇ ಹೆಚ್ಚು. ಮಗುವಾದ ಮೇಲೆ ಎಷ್ಟು ಒಳ್ಳೆಯ ಶಿಕ್ಷಕಿಯರು ಮರಳಿ ಬರಲಿಲ್ಲ ಎಂಬುದನ್ನು ಮುಖ್ಯೋಪಾಧ್ಯಾಯರು ನನಗಿಂತ ಚೆನ್ನಾಗಿ ಬಲ್ಲರು. ನೆಲಮಹಡಿಯಲ್ಲಿ ಒಂದು ಕೋಣೆ, ಸರಿಯಾದ ಸಂಬಳ ಕೊಟ್ಟು ಇಬ್ಬರು ಅನುಭವಸ್ಥ ಮಹಿಳೆಯರು, ಇಷ್ಟಿದ್ದರೆ ಶಿಕ್ಷಕಿಯರ ಮಕ್ಕಳೂ ನನ್ನಂತೆ ಮನೆಯಲ್ಲಿ ದುಡಿಯುವವರ ಮಕ್ಕಳೂ ಅಲ್ಲಿ ಇರಬಹುದು. ತಿಂಗಳ ಶುಲ್ಕ ಕೊಡಲು ನಾವು ಸಿದ್ಧ. ನರೇಗಾ ಕೂಲಿ ಮಾಡುವ ತಾಯಂದಿರ ಮಕ್ಕಳಿಗಾಗಿ ನಮ್ಮ ರಾಜ್ಯದ ಗ್ರಾಮ ಪಂಚಾಯತುಗಳಲ್ಲಿ 2023ರಿಂದ ‘ಕೂಸಿನ ಮನೆ’ ಎಂಬ ಕೇಂದ್ರಗಳು ಆರಂಭವಾದವು. ಪಂಚಾಯತಿಗೆ ಆಗುವುದು ನಮಗೆ ಆಗದೇ?

ಎರಡನೆಯದು ಇನ್ನೂ ಸಣ್ಣದು, ಖರ್ಚಿಲ್ಲದ್ದು. ನಮ್ಮ ವಿದ್ಯಾರ್ಥಿವೇತನದ ಅರ್ಜಿಯಲ್ಲಿ ತಂದೆಯ ಉದ್ಯೋಗ, ಆದಾಯ, ಅಂಕ ಎಲ್ಲವನ್ನೂ ಕೇಳುತ್ತೇವೆ. ಅಲ್ಲಿ ಇನ್ನೊಂದು ಸಾಲು ಸೇರಿಸಿ: ಮನೆಯಲ್ಲಿ ಚಿಕ್ಕ ಮಕ್ಕಳನ್ನು ಹಗಲು ಯಾರು ನೋಡಿಕೊಳ್ಳುತ್ತಾರೆ? ಉತ್ತರದಲ್ಲಿ ‘ಅಕ್ಕ’ ಎಂದು ಬಂದರೆ, ಆ ಅಕ್ಕ ಎಷ್ಟನೇ ತರಗತಿ ಎಂದು ಕೇಳಿ. ಅರ್ಜಿ ಹಾಕಿದ ಮಗುವಿಗೆ ಸಹಾಯ ಮಾಡುವಾಗ ಅರ್ಜಿ ಹಾಕದೆ ಮನೆಯಲ್ಲಿ ಉಳಿದವಳ ಹೆಸರೂ ಆಗ ನಿಮ್ಮ ಪುಸ್ತಕಕ್ಕೆ ಬರುತ್ತದೆ. ನನ್ನ ಅರ್ಜಿಯಲ್ಲಿ ಈ ಸಾಲು ಇದ್ದಿದ್ದರೆ, ದೊಡ್ಡಕ್ಕನಿಗೆ ಆಗ ಖಾಸಗಿಯಾಗಿ ಎಸ್ಸೆಸ್ಸೆಲ್ಸಿಗೆ ಕಟ್ಟಲು ಕಾಲ ಮೀರಿರಲಿಲ್ಲ.

ಪ್ರಶ್ನೆಗಳಿದ್ದರೆ ಉತ್ತರಿಸುತ್ತೇನೆ, ಆದರೆ ಎರಡೇ ಪ್ರಶ್ನೆ. ಇಂದು ಭಾನುವಾರವಲ್ಲ. ಐದೂವರೆಗೆ ಚಿಕ್ಕಮ್ಮನ ಕೆಲಸ ಮುಗಿಯುತ್ತದೆ, ಆರು ಗಂಟೆಯ ಬಸ್ಸಿಗೆ ಅವರು ಮಗಳ ಮನೆಗೆ ಹೋಗಬೇಕು. ಅಷ್ಟರೊಳಗೆ ನಾನು ಮನೆ ಸೇರುತ್ತೇನೆಂದು ಹೇಳಿ ಬಂದಿದ್ದೇನೆ.